ಗಂಗಕ್ಕನ ಹಸಿಕಾಯಿ

ಗಂಗಕ್ಕ ಕೈಗೆ ಸಿಕ್ಕ ಯಾವ ವಸ್ತುವನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ಕೆಳಗಿಟ್ಟವಳಲ್ಲ. ನನ್ನ ಮದುವೆಯ ಉಡುಗೊರೆ ಡಬ್ಬಿಗಳನ್ನೆಲ್ಲ ಹಾಗೆ ಅಲ್ಲಾಡಿಸಿ, "ಇದೂ ಗಡಿಯಾರನೇ ಕಣ್ಲಾ. ಬುಡು, ಇನ್ಮೇಲೆ ಮೇಷ್ಟ್ರು ಸ್ಕೂಲಿಗೆ ಲೇಟಾಗಿ ಹೋಗಂಗಿಲ್ಲ" ಎಂದು ಬೀಗರ ಎದುರಿಗೇ ಹೇಳಿದ್ದಳು. ಅವಳು ನಮ್ಮ ದೊಡ್ಡಪ್ಪನ ಮಗಳು. ಕಿಬ್ಬನಹಳ್ಳಿಯ ಹತ್ತಿರದ ನಮ್ಮೂರಿನಿಂದ ದಿನಾ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದಳು. ಉಳಿದ ಹೊತ್ತೆಲ್ಲ ಕ್ವಾಂಟಮ್ ಕಂಪ್ಯೂಟರಿನ ಸಂಶೋಧನೆ. ಇಂಥವಳು ನಮ್ಮ ಮನೆಯಲ್ಲಿ ಹುಟ್ಟಿದಳಲ್ಲ ಎಂಬ ಹೆಮ್ಮೆ ನನಗೆ ಆಗಲೂ ಇತ್ತು, ಈಗಲೂ ಇದೆ.

ಅಲ್ಲಾಡಿಸುವ ಈ ಚಟ ಅವಳಿಗೆ ಅಂಟಿದ್ದು ಮನೆಯ ಅಟ್ಟದಲ್ಲಿ. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತೇವೆ. ಒಳಗಿನ ನೀರು ತಾನೇ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ. ಅಲ್ಲಾಡಿಸಿ ಸದ್ದು ಕೇಳಬೇಕು: ಒಣಗಿದ್ದು ಲೊಟಲೊಟ ಎನ್ನುತ್ತದೆ, ಹಸಿಯದರಲ್ಲಿ ನೀರು ಗುಳುಗುಳು ಎನ್ನುತ್ತದೆ. ದೊಡ್ಡಪ್ಪನ ಕಿವಿ ಈ ಕೆಲಸಕ್ಕೆ ಸುತ್ತಲ ಊರಿಗೆಲ್ಲ ಹೆಸರುವಾಸಿ. ಒಂದು ವರ್ಷ ಗಂಗಕ್ಕ ಯಾರಿಗೂ ಹೇಳದೆ ಆ ರಾಶಿಯೊಳಗೆ ನಾಲ್ಕಾರು ಹಸಿಕಾಯಿ ಸೇರಿಸಿ, ಗುರುತಿಗೆ ತೊಟ್ಟಿನ ಮರೆಯಲ್ಲಿ ಸುಣ್ಣದ ಬೊಟ್ಟಿಟ್ಟಳು. ದೊಡ್ಡಪ್ಪ ಕೊಬ್ಬರಿ ಕೊಳ್ಳಲು ಬಂದವರ ಜೊತೆ ಹರಟುತ್ತಾ ಅದರಲ್ಲೊಂದನ್ನು ಒಣಗಿದ್ದರ ಗುಂಪಿಗೆ ಎಸೆದುಬಿಟ್ಟರು. ಅವಳು ಹೋಗಿ ಬೊಟ್ಟು ತೋರಿಸಿದಳು.

"ಹೆತ್ತಪ್ಪನ ಕಿವಿನೇ ಪರೀಕ್ಷೆ ಮಾಡ್ತೀಯೇನೇ?"

"ನಂಬಕ್ಕೇ ಪರೀಕ್ಷೆ ಮಾಡೋದು ಕಣಪ್ಪ."

ದೊಡ್ಡಪ್ಪ ಮಾತು ಬಿಟ್ಟರು. ಊಟಕ್ಕೆ ಕರೆದರೆ ಗೋಡೆ ನೋಡಿಕೊಂಡು ಉತ್ತರ ಕೊಡುತ್ತಿದ್ದರು. ಆದರೆ ಮರುವರ್ಷ ಅಟ್ಟ ಹತ್ತುವ ಮುಂಚೆ ಏಣಿಯ ಬುಡದಲ್ಲಿ ನಿಂತು ತಾವೇ ಕೇಳಿದರು: "ಇಟ್ಟಿದ್ದೀಯೇನವ್ವಾ?" ಆಮೇಲೆ ಅದು ನಮ್ಮ ಮನೆಯ ಪದ್ಧತಿಯೇ ಆಗಿಹೋಯಿತು.

ಅವಳು ಸಂಶೋಧನೆಗೆ ಎತ್ತಿಕೊಂಡ ಪ್ರಶ್ನೆಯೂ ತೋಟದ್ದೇ. ಯಾವ ಊರಿನ ಪಂಪ್‌ಸೆಟ್ಟುಗಳಿಗೆ ಯಾವ ಹೊತ್ತು ತ್ರೀಫೇಸ್ ಕರೆಂಟ್ ಕೊಟ್ಟರೆ ಟ್ರಾನ್ಸ್‌ಫಾರ್ಮರ್ ಸುಡದೆ ಎಲ್ಲರ ತೋಟವೂ ನೆನೆಯುತ್ತದೆ? ಊರುಗಳು ಹೆಚ್ಚಿದಂತೆ ಇದಕ್ಕಿರುವ ದಾರಿಗಳು ಎಣಿಕೆಗೆ ಸಿಗುವುದಿಲ್ಲ. ಕನ್ನಡ ಮೇಷ್ಟ್ರಾದ ನನಗೆ ಅವಳು ಬಿಡಿಸಿ ಹೇಳಿದ್ದು ಹೀಗೆ: "ಮಾಮೂಲಿ ಕಂಪ್ಯೂಟರ್ ಒಂದೊಂದೇ ದಾರಿ ತುಳಿದು ನೋಡ್ತದೆ. ಇದು ಎಲ್ಲಾ ದಾರಿನೂ ಒಟ್ಟಿಗೆ ಇಟ್ಕೊಂಡು, ಕೆಟ್ಟವನ್ನ ಮಸುಕು ಮಾಡಿ, ಒಳ್ಳೇದು ಎದ್ದು ಕಾಣಂಗೆ ಮಾಡ್ತದೆ. ಮಧ್ಯ ಇಣುಕಿದ್ರೆ ಕೆಟ್ಟೋಯ್ತು. ಕಾಯಿ ಒಡೆದು ನೋಡಿದ್ರೆ ಉಂಡೆ ಆಗ್ತದೇನ್ಲಾ?"

"ಮತ್ತೆ ಬಂದ ಉತ್ತರ ಸರಿ ಅಂತ ಹೆಂಗಕ್ಕ ಗೊತ್ತಾಗೋದು?"

"ಅಪ್ಪನಿಗೆ ಇಟ್ಟಂಗೆ ಅದಕ್ಕೂ ಹಸಿಕಾಯಿ ಇಡ್ತೀನಿ" ಎಂದು ನಕ್ಕಳು. ಎಲ್ಲೋ ದೂರದಲ್ಲಿದ್ದ ಆ ಯಂತ್ರಕ್ಕೆ ದೊಡ್ಡ ಪ್ರಶ್ನೆಗಳನ್ನು ಕಳಿಸುವಾಗ, ಉತ್ತರ ತನಗೆ ಮೊದಲೇ ಗೊತ್ತಿರುವ ಚಿಕ್ಕ ಪ್ರಶ್ನೆಗಳನ್ನೂ ನಡುನಡುವೆ ಬೆರೆಸುತ್ತಿದ್ದಳು.

ಸಂಶೋಧನೆಗೆ ಹಣ ಕೊಟ್ಟ ಸಂಸ್ಥೆಯವರು ಕಾಲೇಜಿಗೆ ಬಂದ ದಿನ ಊರಿನವರೆಲ್ಲ ಹೋಗಿದ್ದೆವು. ಅವರು ಮೆಚ್ಚಿದರೆ ಗಂಗಕ್ಕನ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಅಷ್ಟೂ ವರ್ಷದ ದುಡಿಮೆ ಅಂದಿಗೇ ಮುಗಿಯಿತು. ಪರದೆಯ ಮೇಲೆ ಮೂಡಿದ ಉತ್ತರ ಕಣ್ಣಿಗೆ ಹಬ್ಬದಂತಿತ್ತು. ರಾತ್ರಿ ನಿದ್ದೆಗೆಟ್ಟು ಪಂಪು ಹಾಕುತ್ತಿದ್ದ ನಮ್ಮೂರಿಗೆ ಬೆಳಗಿನ ಹೊತ್ತು ಕರೆಂಟ್! ಜನ ಚಪ್ಪಾಳೆ ತಟ್ಟಿದರು, ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಗಂಗಕ್ಕ ಮೈಕ್ ಹತ್ತಿರಕ್ಕೆ ಎಳೆದುಕೊಂಡಳು.

"ತಟ್ಬೇಡಿ. ಉತ್ತರ ನನಗೆ ಗೊತ್ತಿದ್ದ ಪ್ರಶ್ನೆಗಳಲ್ಲೇ ಯಂತ್ರ ಎಡವಿದೆ. ಇದು ನೋಡಕ್ಕೆ ಚೆನ್ನಾಗಿದೆ. ಆದ್ರೆ ಇದೇ ಎಲ್ಲಕ್ಕಿಂತ ಒಳ್ಳೇ ದಾರಿ ಅಂತ ನಾನು ಹೇಳಲ್ಲ."

ಮುಂದಿನ ಸಾಲಿನಲ್ಲಿದ್ದವರ ಮುಖ ಹುಳ್ಳಗಾಯಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಊರಿನವರು ಗೊಣಗಿದರು. "ಬಂದ ಕರೆಂಟ್ನ ಕೈಯಾರೆ ಕಳೆದ್ಲಲ್ಲ" ಎಂದೂ ಒಬ್ಬರು ಅಂದರು. ದೊಡ್ಡಪ್ಪ ಮಾತ್ರ ಮದುಮಗನಂತೆ ಬೀಗುತ್ತಾ ಕೂತಿದ್ದರು. "ನನ್ನನ್ನೇ ಬುಡದೋಳು ಮಿಷನ್ನ ಬುಡ್ತಾಳಾ?"

ಕರೆಂಟಿನ ಯೋಜನೆ ಅಲ್ಲಿಗೇ ನಿಂತಿತು. ಆದರೆ ಸ್ವಲ್ಪ ದಿನದಲ್ಲೇ ಆ ಸಂಸ್ಥೆಯವರು ಹುಡುಕಿಕೊಂಡು ಬಂದು, ಬೇರೆಯವರ ಯಂತ್ರಗಳು ಕೊಟ್ಟ ಉತ್ತರಗಳನ್ನೂ ನೀವೇ ಪರೀಕ್ಷಿಸಿ ಕೊಡಿ ಎಂದು ಕೇಳಿದರು. ಕೊನೆಯವರೆಗೂ ಅವಳು ಅದನ್ನೇ ಮಾಡಿದಳು. ಅವಳು ಒಪ್ಪಿದ ಉತ್ತರ ಎಂದರೆ ಅದಕ್ಕೊಂದು ಬೆಲೆ ಇತ್ತು.

ಈ ವರ್ಷ ಶಿವರಾತ್ರಿ ಕಳೆದ ಮೇಲೆ, ಕಾಲೇಜಿನಿಂದ ಬಂದು ಜಗಲಿಯಲ್ಲಿ ಕೂತ ಗಂಗಕ್ಕ ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು. ಮನೆಯಲ್ಲಿ ಬಹಳ ದಿನ ಯಾರೂ ಅಟ್ಟದ ಕಡೆ ತಲೆಯೆತ್ತಿ ನೋಡಲಿಲ್ಲ.

ಕಾಯಿ ಇಳಿಸುವ ಹೊತ್ತು ಬಂದಾಗ ನಾನೇ ಹತ್ತಿದೆ. ದೊಡ್ಡಪ್ಪನಿಗೆ ಈಗ ಕಿವಿ ಮಂದ. ಏಣಿ ಹಿಡಿದು ನಿಂತವರು ಅಭ್ಯಾಸದಂತೆ "ಇಟ್ಟಿದ್ದೀ..." ಎಂದು ಅಷ್ಟಕ್ಕೇ ನಿಲ್ಲಿಸಿದರು.

ನಾನು ಒಂದೊಂದೇ ಅಲ್ಲಾಡಿಸುತ್ತಾ ಹೋದೆ. ಎಲ್ಲ ಲೊಟಲೊಟ ಎನ್ನುತ್ತಿದ್ದವು. ಮೂಲೆಯಲ್ಲಿದ್ದ ಒಂದು ಮಾತ್ರ ಗುಳುಗುಳು ಎಂದಿತು. ತೊಟ್ಟು ಸರಿಸಿದೆ. ಸುಣ್ಣದ ಬೊಟ್ಟು.

"ದೊಡ್ಡಪ್ಪಾ, ಇಟ್ಟವ್ಳೆ!" ಎಂದು ಕೂಗಿದೆ.

ಅವರು ಕಾಯಿಯನ್ನು ಇಸಿದುಕೊಂಡು, ಕೇಳದ ಕಿವಿಗೆ ಹಿಡಿದು, ಬಹಳ ಹೊತ್ತು ಅಲ್ಲಾಡಿಸಿದರು. ಆಮೇಲೆ ಕಣ್ಣೊರೆಸಿಕೊಂಡು ನನ್ನನ್ನು ಗದರಿದರು:

"ಅವಳು ಒಂದೇ ಇಡೋಳಲ್ಲ ಕಣ್ಲಾ. ಎಲ್ಲಾ ಸಿಗೋಗಂಟ ಇಳೀಬೇಡ."