ಫೋಟೋದಣ್ಣ ತೆಗೆದ ಬೆಟ್ಟ

ಚಿಕ್ಕಬಳ್ಳಾಪುರದ ನಮ್ಮ ಬೀದಿಯ ಫೋಟೋದಣ್ಣ ಮದುವೆಮನೆಯಲ್ಲಿ ಯಾವಾಗಲೂ ಹಿಂದುಹಿಂದಕ್ಕೇ ನಡೆಯುತ್ತಿದ್ದರು. ಕ್ಯಾಮೆರಾ ಹೆಣ್ಣುಗಂಡಿನ ಮೇಲೆ, ಬಾಯಲ್ಲಿ ಒಂದೇ ಮಾತು: "ಇನ್ನೊಂದ್ ಹೆಜ್ಜೆ ಮುಂದಕ್ ಬನ್ನಿ."

ಹಿತ್ತಲಿನಿಂದ ದಿನಾ ಕಾಣುವ ಕಳವಾರ ಬೆಟ್ಟವನ್ನು ಒಮ್ಮೆಯಾದರೂ ಹತ್ತಬೇಕು, ಫೋಟೋನೂ ತೆಗೆಸಬೇಕು ಅಂತ ಅಮ್ಮ ಹಟ ಹಿಡಿದಾಗ ಅವರನ್ನೇ ಕರೆದುಕೊಂಡು ಹೋದೆವು. ಅರ್ಧ ದಾರಿಯಲ್ಲಿ ಕಡಿದಾದ ಬಂಡೆ ಕಂಡದ್ದೇ ಅಮ್ಮ ಕೂತುಬಿಟ್ಟಳು.

"ನನ್ ಕೈಲಾಗಲ್ಲ ಕಣಪ್ಪ."

ಸರಿ, ಇಳಿದುಬಿಡೋಣ ಅಂದೆ ನಾನು. ಫೋಟೋದಣ್ಣ ಕೇಳಿಸಿಕೊಳ್ಳದವರಂತೆ ಕ್ಯಾಮೆರಾ ಎತ್ತಿದರು.

"ಅಮ್ಮ, ಸೆರಗು ಸರಿ ಮಾಡ್ಕೊಳ್ಳಿ. ಮುಖದ ಮೇಲೆ ನೆರಳೈತೆ, ಇನ್ನೊಂದ್ ಹೆಜ್ಜೆ ಮುಂದಕ್ ಬನ್ನಿ."

ಅಮ್ಮ ಎದ್ದು ಹೆಜ್ಜೆ ಇಟ್ಟಳು. ಅವರು ಬಂಡೆಯ ಮೇಲೆ ಹಿಂದಕ್ಕೆ ಒಂದು ಹೆಜ್ಜೆ ಏರಿದರು. "ಚೆನ್ನಾಗ್ ಬಂತು. ಇನ್ನೊಂದ್ ಹೆಜ್ಜೆ." ಅವರು ಬೀಳದಂತೆ ಹಿಂದಿನಿಂದ ಬೆಲ್ಟು ಹಿಡಿದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಹಾಗೇ ತುದಿ ಮುಟ್ಟಿದೆವು.

ಆಮೇಲೆ ಅವರು ಮಾಡಿಕೊಟ್ಟ ಆಲ್ಬಮ್ಮಿನ ತುಂಬ ಅಮ್ಮನ ಮುಖವೇ. ಬೆಟ್ಟದ ಒಂದು ಚೂರೂ ಇಲ್ಲ. ನನಗೆ ಸಿಟ್ಟೇ ಬಂತು. ಅಮ್ಮ ಮಾತ್ರ ಒಂದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದಳು.

"ಇದ್ರಲ್ಲಿ ಬೆಟ್ಟ ಎಲ್ಲೈತೆ?" ಅಂದರು ಪಕ್ಕದ ಮನೆಯಾಕೆ.

"ನನ್ ಕಾಲ್ ಕೆಳಗೈತೆ ಕಣಮ್ಮ," ಅಂದಳು ಅಮ್ಮ.