ಲಾರಿಯಲ್ಲಿ ಬರುತ್ತಿದ್ದ ಸಮುದ್ರ

ನಮ್ಮ ಯಜಮಾನರು ಮದರಾಸು ಲೈನಿನ ಲಾರಿ ಡ್ರೈವರು. ಕೋಲಾರದ ಮಂಡಿಯಿಂದ ಟೊಮ್ಯಾಟೊ, ಹುರುಳಿಕಾಯಿ, ಕೋಸು ಹೇರಿಕೊಂಡು ಸಂಜೆ ಹೊರಟರೆ ಬೆಳಗಾಗುವಷ್ಟರಲ್ಲಿ ಅಲ್ಲಿ ಇಳಿಸಿ, ಖಾಲಿ ಲಾರಿಯನ್ನೋ ಸಿಕ್ಕಿದ ಬಾಡಿಗೆಯನ್ನೋ ತಗೊಂಡು ವಾಪಸ್ಸಾಗುತ್ತಿದ್ದರು. ಮುಳಬಾಗಿಲು ದಾಟಿ ಕೋಲಾರದ ಕಡೆಗೆ ಬರುವ ರಸ್ತೆಯ ಪಕ್ಕದಲ್ಲೇ ನಮ್ಮ ಮನೆ. ಒಂದು ಸಲ ಘಾಟಿಯಲ್ಲಿ ಲಾರಿ ಮಗುಚಿತು. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ. ಆಸ್ಪತ್ರೆಯಿಂದ ತಂದು ನಡುಮನೆಯ ಮಂಚದ ಮೇಲೆ ಮಲಗಿಸಿದೆವು. ಅಲ್ಲಿಂದ ಅವರು ಎದ್ದದ್ದಿಲ್ಲ. ಎಂಬತ್ತರ ಈಚೆಯ ಮಾತು ಇದು.

ಮೊದಮೊದಲು ಲೈನಿನವರೆಲ್ಲ ಬಂದರು. ಬಾಗಿಲ ಮುಂದೆ ಲಾರಿ ನಿಲ್ಲಿಸಿ, ಬಾಳೆಹಣ್ಣು ತಂದು, ಮಂಚದ ಅಂಚಿನಲ್ಲಿ ಕೂತು ಬೀಡಿ ಸೇದಿ ಹೋಗುತ್ತಿದ್ದರು. ಲಾರಿ ನಿಂತ ದಿನ ನಮ್ಮವರು ಬಾಚಣಿಗೆ ಕೇಳುತ್ತಿದ್ದರು, ಗಡ್ಡ ಕೆರೆದುಕೊಳ್ಳುತ್ತಿದ್ದರು, ಮುದ್ದೆ ಉಣ್ಣುತ್ತಿದ್ದರು. ನಿಲ್ಲದ ದಿನ ಗೋಡೆಯ ಕಡೆಗೆ ಮುಖ. ಬರುಬರುತ್ತಾ ನಿಲ್ಲುವ ಲಾರಿಗಳು ಕಮ್ಮಿಯಾದವು. ಯಾರನ್ನೂ ಬೈಯುವ ಹಾಗಿಲ್ಲ. ತರಕಾರಿ ಕಾಯುವುದಿಲ್ಲ, ಲಾರಿ ಸಾಹುಕಾರನೂ ಕಾಯುವುದಿಲ್ಲ. ಮಂಚ ಹಿಡಿದವನ ಹತ್ತಿರ ಎಷ್ಟು ದಿನ ಅಂತ ಮಾತಾಡುತ್ತಾರೆ? ನನಗೆ ಚಿಂತೆ ಒಂದೇ. ಕೊನೆಯ ಲಾರಿಯೂ ನಿಲ್ಲದೆ ಹೋದರೆ ಈ ಮನುಷ್ಯ ಉಳಿಯುವುದಿಲ್ಲ.

ಆ ಕೊನೆಯ ಲಾರಿ ನಮ್ಮವರ ಹತ್ತಿರವೇ ಕ್ಲೀನರಾಗಿ ಕೆಲಸ ಕಲಿತು ಆಮೇಲೆ ಡ್ರೈವರಾದವನದು. ನಮ್ಮವರನ್ನು ಉಸ್ತಾದ್ ಅನ್ನುತ್ತಿದ್ದ, ನನ್ನನ್ನು ಅಕ್ಕಾ ಅನ್ನುತ್ತಿದ್ದ. ಒಂದು ದಿನ ಅವನು ಲಾರಿಯಿಂದ ಕಬ್ಬಿಣದ ಚೌಕಟ್ಟಿನ ಒಂದು ಉದ್ದನೆಯ ಗಾಜಿನ ಪೆಟ್ಟಿಗೆ ಇಳಿಸಿದ.

"ಏನ್ಲಾ ಅದು, ಹೆಣ ಇಡೋ ಪೆಟ್ಟಿಗೆ ಇದ್ದಂಗದೆ? ನನಗೇ ಅಳತೆ ತಗೊಂಡು ಮಾಡಿಸ್ದೇನೋ?" ಎಂದರು ನಮ್ಮವರು.

"ಬಿಡ್ತು ಅನ್ನಿ ಉಸ್ತಾದ್! ಮೀನಿನ ತೊಟ್ಟಿ. ಬೆಂಗಳೂರಲ್ಲಿ ಒಬ್ರು ಡಾಕ್ಟರ್ ಮನೆಗೆ ಅಂತ ಮದರಾಸಲ್ಲಿ ಹೇರಿದ್ರು. ಮೂಲೆ ಮುಕ್ಕಾಗಿದೆ ಅಂತ ಅವ್ರು ಬೇಡ ಅಂದ್ರು. ಅಂಗಡಿಯವ್ನು, ಎಲ್ಲಾದ್ರೂ ಬಿಸಾಕು ಅಂದ."

"ಕೆರೆಯಿಂದ ನಾಲ್ಕು ಮೀನು ತಂದು ಬಿಟ್ರಾಯ್ತು," ಎಂದೆ ನಾನು.

"ಕೆರೆ ಮೀನು ಸಾರಿಗೆ ಕಣೇ. ಇದಕ್ಕೆ ಸಮುದ್ರದ್ದೇ ಬೇಕು. ಮದರಾಸಿನ ಅಂಗಡೀಲಿ ನೋಡಿದೀನಿ, ಕಲ್ಲು, ಹವಳ, ಬಣ್ಣದ ಮೀನು."

"ಸಮುದ್ರದ ನೀರು ಎಲ್ಲಿಂದ ತರೋಣ?"

"ಇವನು ತರ್ತಾನೆ. ವಾರ ವಾರ ತರ್ತಾನೆ. ಅಲ್ವೇನ್ಲಾ?"

ಹೀಗೆ ಕೇಳುವಾಗ ಅವರ ಮುಖ ನೋಡಿದೆ. ಮೀನಿನ ಆಸೆ ಇರಲಿಲ್ಲ ಆ ಮುಖದಲ್ಲಿ. ಅವನು "ತರ್ತೀನಿ ಉಸ್ತಾದ್" ಅಂದಮೇಲೆ ಉಸಿರು ಬಿಟ್ಟರು. ಅಲ್ಲಿಗೆ ನನಗೆ ಗೊತ್ತಾಯಿತು.

ಆ ಕೆಲಸ ಸುಲಭದ್ದಲ್ಲ. ಕೋಲಾರದ ವೆಲ್ಡಿಂಗ್ ಅಂಗಡಿಯಲ್ಲಿ ತೊಟ್ಟಿಗೆ ಸ್ಟ್ಯಾಂಡು ಮಾಡಿಸಿ ಮಂಚದ ಪಕ್ಕಕ್ಕೆ ಇಟ್ಟೆವು. ತಳದಲ್ಲಿ ತೂತಿನ ಪ್ಲಾಸ್ಟಿಕ್ ತಟ್ಟೆ, ಅದರ ಮೇಲೆ ಕಪ್ಪೆಚಿಪ್ಪಿನ ಪುಡಿ ಮರಳು. ಗಾಳಿ ಊದಲು ಒಂದು ಸಣ್ಣ ಪಂಪು, ಬೆಳಕಿಗೆ ಎರಡು ಟ್ಯೂಬ್‌ಲೈಟು. ಮೊದಲನೇ ಸಲ ನೀರು ತಂದ ಕ್ಯಾನು ಹಿಂದೆ ಡೀಸೆಲ್ಲಿಗೆ ಇಟ್ಟಿದ್ದದ್ದಂತೆ, ಎಷ್ಟು ತೊಳೆದಿದ್ದರೂ ನೀರಿನ ಮೇಲೆ ಎಣ್ಣೆಯ ಕಾಮನಬಿಲ್ಲು ತೇಲಿತು. ಅಷ್ಟನ್ನೂ ಚೆಲ್ಲಿದೆ. ಎರಡನೇ ಸಲ ಬಂದರಿನ ಹತ್ತಿರ ತುಂಬಿಕೊಂಡು ಬಂದ, ನಾತ. ಅದನ್ನೂ ಚೆಲ್ಲಿದೆ. ಆಮೇಲೆ ಬೆಸ್ತರಿಗೆ ಹೇಳಿ, ದೋಣಿಯಲ್ಲಿ ದೂರ ಹೋಗಿ ತುಂಬಿಸಿಕೊಂಡು ಬರುವ ಏರ್ಪಾಡು ಮಾಡಿದ. ಆ ನೀರು ನಮ್ಮ ಮನೆಯ ಕುಡಿಯುವ ನೀರಿಗಿಂತ ತಿಳಿಯಾಗಿತ್ತು.

ಅವನು ಹವಳ ತರುತ್ತೇನೆ ಎಂದಾಗ ನನ್ನ ಕೈ ತಾಳಿಗೆ ಹೋಗಿತ್ತು. ತಾಳಿಯಲ್ಲಿ ಕರಿಮಣಿಯ ಮಧ್ಯೆ ಪೋಣಿಸಿದ ಕೆಂಪು ಹವಳವೇ ನನಗೆ ಗೊತ್ತಿದ್ದದ್ದು. ಅವನು ತಂದದ್ದು ಒದ್ದೆ ಗೋಣಿಯಲ್ಲಿ ಸುತ್ತಿದ ಕಂದು ಕಲ್ಲು, ಅದರ ಮೇಲೆ ನೆನೆಸಿದ ಚರ್ಮದಂಥ ಒಂದು ಮುದ್ದೆ. "ಇದಾ ಹವಳ? ಒನಕೆ ಏಟು ತಿಂದ ಅಣಬೆ ಇದ್ದಂಗದೆ," ಎಂದೆ. ಎರಡು ದಿನ ಮುದುರಿಕೊಂಡಿತ್ತು. ಆಮೇಲೆ ಟ್ಯೂಬ್‌ಲೈಟಿನ ಬೆಳಕಿಗೆ ಮೈಯೆಲ್ಲ ಸಣ್ಣ ಬೆರಳು ಬಿಟ್ಟು ಅಲುಗಾಡಿತು. ಈಗ ಮೊಮ್ಮಗಳು ಫೋನಿನಲ್ಲಿ ಹಸಿರು, ನೇರಳೆ ಹವಳ ತೋರಿಸುತ್ತಾಳೆ. ನಮ್ಮದು ಕಂದು, ಅಷ್ಟೇ. ಅದರ ಪಕ್ಕಕ್ಕೆ ಹೂವಿನಂಥ ಒಂದು ಪ್ರಾಣಿ ಬಂತು, ಅದರೊಳಗೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು. ಕೆರೆಯ ಸಣ್ಣ ಸಿಗಡಿಯನ್ನು ಚೂರು ಮಾಡಿ ಹಾಕಿದರೆ ತಿನ್ನುತ್ತಿದ್ದವು.

ಬಾಯಿ ಅವರದು, ಕೈ ನನ್ನದು. "ಆ ಕಲ್ಲು ಇತ್ಲಾಗೆ ಜರುಗ್ಸು. ಗಾಜಿನ ಮೇಲೆ ಪಾಚಿ ಹಿಡಿದದೆ ನೋಡು. ಲೇ, ಮೆತ್ತಗೆ, ನಿಮ್ಮಪ್ಪನ ಮನೆ ಗೋಡೆ ಸಾರಿಸ್ತಾ ಇಲ್ಲ ನೀನು." ಮಂಚದ ಮೇಲಿಂದ ಲಾರಿ ಓಡಿಸಿದ ಹಾಗೆ ನನ್ನನ್ನು ಓಡಿಸುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. "ಸ್ಟೇರಿಂಗ್ ಬಿಟ್ರೂ ಹಾರನ್ ಬಿಟ್ಟಿಲ್ಲ," ಎನ್ನುತ್ತಿದ್ದೆ. ಕರೆಂಟು ಹೋದರೆ ಪಂಪು ನಿಲ್ಲುತ್ತಿತ್ತು, ನಮ್ಮ ಕಡೆ ಕರೆಂಟು ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಅದಕ್ಕೆ ಅವರೇ ಉಪಾಯ ಹೇಳಿದರು: ಲಾರಿಯ ಟಯರಿನ ಟ್ಯೂಬಿಗೆ ಗಾಳಿ ತುಂಬಿಸಿ ಇಟ್ಟು, ವಾಲ್ವಿಗೆ ಸಣ್ಣ ಪೈಪು ಸಿಕ್ಕಿಸಿ ನೀರಿಗೆ ಬಿಡುವುದು. ಗುಳುಗುಳು ಎಂದು ಗುಳ್ಳೆ ಏಳುತ್ತಿತ್ತು. ಟ್ಯೂಬಿಗೆ ಲಾರಿಯಿಂದಲೇ ಗಾಳಿ ತುಂಬಿಸಬೇಕಲ್ಲ, ಅದಕ್ಕೂ ಲಾರಿ ನಿಲ್ಲಲೇಬೇಕು.

ನೀರಿನಲ್ಲಿ ಉಪ್ಪು ಸರಿಯಾಗಿದೆಯೋ ಎಂದು ನೋಡಲು ಒಂದು ಕಡ್ಡಿ ಬೇಕು ಎಂದಿದ್ದನಂತೆ ಅಂಗಡಿಯವನು. ಅವನು ಹೇಳಿದ ಗುರುತು ಕೇಳಿದರೆ ಅದು ನಾನು ದಿನಾ ನೋಡುವ ಕಡ್ಡಿಯೇ. ಊರಿನ ಡೈರಿಯಲ್ಲಿ ಹಾಲಿಗೆ ಡಿಗ್ರಿ ನೋಡುತ್ತಾರಲ್ಲ, ಹಾಲಿನಲ್ಲಿ ತೇಲಿಬಿಡುವ ಗಾಜಿನ ಕಡ್ಡಿ. ಹಳೆಯದೊಂದು ಕೇಳಿ ತಂದು ಸಮುದ್ರದ ನೀರಿಗೆ ಬಿಟ್ಟೆ. ಇಪ್ಪತ್ತೈದರ ಗೆರೆಗೆ ನಿಂತಿತು. ನಮ್ಮ ಹಸುವಿನ ಹಾಲು ಅದಕ್ಕಿಂತ ಮೇಲೆ ಬರುತ್ತಿತ್ತು. ಸಮುದ್ರವನ್ನು ತಗೊಂಡು ಹೋಗಿ ಡೈರಿಗೆ ಹಾಕಿದರೆ ನೀರು ಬೆರೆಸಿದ್ದೀಯ ಅಂತ ವಾಪಸ್ಸು ಕಳಿಸುತ್ತಾರೆ ಎಂದೆ. ಬಹಳ ದಿನದ ಮೇಲೆ ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಸೆಕೆಗೆ ತೊಟ್ಟಿಯ ನೀರು ಆರಿ ಕೆಳಗಿಳಿಯುತ್ತಿತ್ತು. ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಹಾಗಾಗಿ ಇಳಿದಷ್ಟಕ್ಕೆ ಸಿಹಿ ನೀರೇ ಹಾಕಬೇಕು. ನಮ್ಮ ಹಿತ್ತಲ ಬಾವಿಯದು ಉಪ್ಪು ನೀರು. ನಮ್ಮ ಕಡೆ ಉಪ್ಪು ನೀರು ಅಂದರೆ ಬೇಳೆ ಬೇಯದ, ಸೋಪು ನೊರೆ ಕಟ್ಟದ ಗಡಸು ನೀರು. ಸಿಹಿ ನೀರಿನ ಬಾವಿ ಊರಾಚೆ. ಅಲ್ಲಿಂದ ಹೊತ್ತು ತಂದದ್ದನ್ನು ಮೀನಿಗೆ ಸುರಿಯುವುದು ನೋಡಿ ನಮ್ಮ ಅತ್ತೆಗೆ ಹೊಟ್ಟೆ ಉರಿಯುತ್ತಿತ್ತು.

"ಸಮುದ್ರದ ಮೀನಿಗೆ ಸೀ ನೀರು, ಮನುಷ್ಯರಿಗೆ ಉಪ್ಪು ನೀರು! ಎಲ್ಲಾದ್ರೂ ಉಂಟಾ? ಉಪ್ಪು ನೀರೇ ಬೇಕು ಅಂದ್ರೆ ಹಿತ್ತಲಲ್ಲಿ ಬಾವಿ ತುಂಬಾ ಅದೆಯಲ್ಲಾ?"

"ಆ ಉಪ್ಪೇ ಬೇರೆ ಅತ್ತೆ, ಈ ಉಪ್ಪೇ ಬೇರೆ."

"ಉಪ್ಪಲ್ಲಿ ಎಷ್ಟು ಜಾತಿ ಅದಾವಮ್ಮ ನಿಂಗೆ?"

ವಾರಕ್ಕೊಮ್ಮೆ ಲಾರಿ ನಿಲ್ಲುತ್ತಿತ್ತು. ಹಳೆಯ ನೀರು ಅರ್ಧ ತೆಗೆದು ಹೊಸದು ಹಾಕುವುದು. ಒಂದು ದಿನ ಅವನೇ ಹೇಳಿದ: "ಉಸ್ತಾದ್, ತಿಂಗಳಿಗೊಂದ್ಸಲ ಸ್ವಲ್ಪ ಬದಲಾಯಿಸಿದ್ರೆ ಸಾಕು ಅಂತಾನೆ ಅಂಗಡಿಯವ್ನು."

"ಅವನ ಮಾತು ಕೇಳಿದ್ರೆ ಮೀನು ಸತ್ತೋಗ್ತವೆ. ಅವನಿಗೇನು, ಸತ್ರೆ ಇನ್ನೆರಡು ಮಾರ್ತಾನೆ. ನೀನು ತಾರೋ ವಾರ ವಾರ."

ಅವನು ನಂಬಿದ. ಉಸ್ತಾದ್ ಹೇಳಿದ ಮೇಲೆ ಅವನಿಗೆ ಎರಡನೇ ಮಾತಿಲ್ಲ. ಏನೂ ಕೆಡದ ನೀರನ್ನು ನಾನು ವಾರ ವಾರ ಬಿಂದಿಗೆಯಲ್ಲಿ ಮೊಗೆದು ಕೊಟ್ಟಿಗೆಯ ಹಿಂದೆ ಚೆಲ್ಲುತ್ತಿದ್ದೆ. ಅಲ್ಲಿದ್ದ ನುಗ್ಗೆ ಮರ ಎಲೆ ಉದುರಿಸಿ ಒಣಗಿತು. ಅತ್ತೆ ಅದಕ್ಕೂ ಬೈದರು. ನಾನು ಬೈಸಿಕೊಂಡೆ. ನುಗ್ಗೆ ಇನ್ನೊಂದು ನೆಟ್ಟರಾಯಿತು.

ಒಂದು ಮಳೆಗಾಲ ರಸ್ತೆ ಕೊಚ್ಚಿಹೋಗಿ ಲಾರಿಗಳು ಬೇರೆ ದಾರಿ ಹಿಡಿದವು. ನಮ್ಮವರು ಮತ್ತೆ ಗೋಡೆಯ ಕಡೆ ತಿರುಗಿದರು. ನೀರಿಲ್ಲ, ಅದಕ್ಕೇ ಮಗ ಹೀಗೆ ಮಲಗಿದ್ದಾನೆ ಎಂದುಕೊಂಡರು ಅತ್ತೆ. ನಾನು ಡೈರಿಗೆ ಹೋಗಿ ಬರುವಷ್ಟರಲ್ಲಿ ಹಿತ್ತಲ ಬಾವಿಯಿಂದ ಸೇದಿ ಸೇದಿ, ತೊಟ್ಟಿಯ ನೀರು ಮುಕ್ಕಾಲು ತೆಗೆದು, ಉಪ್ಪು ನೀರು ತುಂಬಿಸಿಬಿಟ್ಟಿದ್ದರು. ಮುದುಕಿಯ ಸೊಂಟ ಬಗ್ಗಿಹೋಗಿತ್ತು. "ಉಪ್ಪು ನೀರೇ ಹಾಕಿದೀನಿ ನಾಯನಾ, ಏಳು, ಒಂದು ತುತ್ತು ಉಣ್ಣು," ಎಂದು ಮಗನ ತಲೆ ಸವರುತ್ತಿದ್ದರು.

ಕಡ್ಡಿ ಬಿಟ್ಟೆ, ಕುತ್ತಿಗೆಯವರೆಗೆ ಮುಳುಗಿತು. ಹೂವಿನ ಪ್ರಾಣಿ ಕಲ್ಲು ಬಿಟ್ಟು ಲೋಳೆಯಾಗಿ ತೇಲುತ್ತಿತ್ತು. ಮೀನು ಎರಡನ್ನೂ ಅತ್ತೆ ಮೊಗೆದಿಟ್ಟಿದ್ದ ಬಕೆಟ್ಟಿನಲ್ಲಿ ಮಿಕ್ಕಿದ್ದ ಹಳೆಯ ನೀರಿಗೆ ಹಾಕಿದೆ, ಹವಳದ ಕಲ್ಲನ್ನೂ ಅದರೊಳಗೇ ಇಳಿಸಿದೆ. ಅವು ಉಳಿದವು. ಮಾಡಿದ್ದು ಏನು ಎಂದು ತಿಳಿದ ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡು ಕೂತುಬಿಟ್ಟರು. ನಮ್ಮವರು ಬೈಯುತ್ತಾರೆ ಎಂದುಕೊಂಡೆ. ಅವರು ಕತ್ತೆತ್ತಿ ತೊಟ್ಟಿ ನೋಡಿ, "ಅಂಗಾದ್ರೆ ಈಗ ಪೂರ್ತಿ ನೀರು ಬೇಕು," ಎಂದರು. "ಮಂಡಿಗೆ ಯಾರ ಕೈಲಾದ್ರೂ ಹೇಳಿ ಕಳ್ಸು. ಪೂರ್ತಿ ಬೇಕು ಅಂತ ಹೇಳು." ಅವತ್ತು ಊಟ ಮಾಡಿದರು.

ಅವನು ಸುದ್ದಿ ಕೇಳಿ, ಸುತ್ತು ದಾರಿಯಲ್ಲಿ ಕ್ಯಾನುಗಳನ್ನು ಹೇರಿಕೊಂಡು ಬಂದ. ರಾತ್ರಿ ಇಲ್ಲೇ ಮಲಗಿದ. ಇಬ್ಬರೂ ಹಳೆಯ ಟ್ರಿಪ್ಪುಗಳ ಮಾತು ಎತ್ತಿಕೊಂಡು ಒಬ್ಬರನ್ನೊಬ್ಬರು ಆಡಿಕೊಂಡು ನಗುತ್ತಿದ್ದರು. ಮನೆ ಮನೆಯ ಹಾಗಿತ್ತು.

ಹೀಗೇ ಒಂದೆರಡು ವರ್ಷ ನಡೆಯಿತು. ಆಮೇಲೆ ಅವನ ಸಾಹುಕಾರ ಮದರಾಸು ಲೈನು ಬಿಟ್ಟು ಬೊಂಬಾಯಿ ಲೈನು ಹಿಡಿದ. ಅದನ್ನು ಹೇಳಲು ಅವನೇ ಬಂದ. ಕಂಕುಳಲ್ಲಿ ದೊಡ್ಡ ಡಬ್ಬಿ, ಮೇಲೆ ಇಂಗ್ಲಿಷಿನ ಬರಹ. ಹಬ್ಬಕ್ಕೆ ಬಟ್ಟೆ ತಂದವನ ಹಾಗೆ ಮುಖ ಅರಳಿತ್ತು.

"ಉಸ್ತಾದ್, ಇನ್ನು ಯಾರ ಹಂಗೂ ಬೇಡ ನಿಮಗೆ. ಫಾರಿನ್ ಪುಡಿ. ಹಡಗಿನವ್ರು ತಂದು ಮಾರೋ ಬಜಾರಲ್ಲಿ ಸಿಕ್ತು. ಸೀ ನೀರಿಗೆ ಕಲಸಿದ್ರೆ ಸಮುದ್ರದ ನೀರೇ ಆಗೋಗ್ತದಂತೆ. ನಾನು ಬರಲಿಲ್ಲ ಅಂತ ನಿಮ್ಮ ಮೀನು ಸಾಯಬಾರ್ದು ನೋಡಿ."

ನಮ್ಮವರು ಡಬ್ಬಿಯನ್ನು ಎದೆಯ ಮೇಲೆ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಒಳ್ಳೇ ಕೆಲಸ ಮಾಡ್ದೆ ಕಣ್ಲಾ," ಎಂದರು. "ದೂರದ ಲೈನು, ನಿದ್ದೆಗೆಟ್ಟು ಓಡಿಸಬ್ಯಾಡ." ಅವನು ಕಾಲು ಮುಟ್ಟಿದ. ಮುಟ್ಟಿದ್ದು ಅವರಿಗೆ ಗೊತ್ತಾಗುವ ಹಾಗಿರಲಿಲ್ಲ, ಕಣ್ಣಿನಿಂದ ನೋಡಿದರು.

ಪುಡಿಯನ್ನು ಸಿಹಿ ನೀರಿಗೆ ಕಲಸಿದೆ. ಒಂದು ರಾತ್ರಿ ಬಿಟ್ಟು ಕಡ್ಡಿ ಇಳಿಸಿದೆ. ಇಪ್ಪತ್ತೈದು. ತೊಟ್ಟಿಗೆ ಹಾಕಿದರೆ ಮೀನು ಚುರುಕಾದವು, ಹವಳ ಮೊದಲಿಗಿಂತ ಚೆನ್ನಾಗಿ ಬೆರಳು ಬಿಟ್ಟಿತು. ಡಬ್ಬಿ ಕೆಟ್ಟದ್ದಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ. "ನೋಡಿ, ಎಷ್ಟು ಚೆನ್ನಾಗವೆ," ಎಂದೆ. ಅವರು ತಿರುಗಲಿಲ್ಲ. ಗಾಜಿಗೆ ಪಾಚಿ ಹಿಡಿದರೂ ಒಂದು ಮಾತಿಲ್ಲ. ಬೈಯಲಿ ಎಂದು ಬೇಕೆಂದೇ ಒರೆಸದೆ ಬಿಟ್ಟೆ. ಬೈಯಲಿಲ್ಲ. ಮುದ್ದೆ ಅರ್ಧವಾಯಿತು, ಆಮೇಲೆ ಗಂಜಿ, ಆಮೇಲೆ ಬರೀ ನೀರು. ಮಲಗಿ ಮಲಗಿ ಆಗಿದ್ದ ಬೆನ್ನಿನ ಹುಣ್ಣು ಕೀವಾಗಿ ಜ್ವರ ಏರಿತು. ಹುಣ್ಣಿನಿಂದಲೇ ಜೀವ ಹೋಯಿತು ಎಂದರು ಡಾಕ್ಟರು. ಇರಬಹುದು. ಹುಣ್ಣು ಮೊದಲೂ ಇತ್ತು.

ಅವನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ತಿಥಿಯೆಲ್ಲ ಮುಗಿದಿತ್ತು. ಬಂದವನು ಖಾಲಿ ಮಂಚದ ಕಡೆ ನೋಡಲಾರದೆ ತೊಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಮೀನು ಅವನ ಮುಖದ ಹತ್ತಿರಕ್ಕೆ ಬಂದು ಆಡುತ್ತಿದ್ದವು. ಒಳಗಡೆಯಿಂದ ಅತ್ತೆ ಅಳುವುದು ಕೇಳುತ್ತಿತ್ತು.

"ಎಷ್ಟು ಚೆನ್ನಾಗವೆ ಅಕ್ಕಾ," ಎಂದ. ಮೂಗು ಒರೆಸಿಕೊಂಡ. "ಮಣ್ಣಿಗೂ ಬರೋಕಾಗಲಿಲ್ಲ ನನ್ನ ಕೈಲಿ. ಆ ಪುಡಿ ಒಂದು ತಂದುಕೊಟ್ಟಿದ್ದೆ, ಅದೊಂದೇ ಸಮಾಧಾನ. ಕೊನೇಲಿ ನೀರಿಗಾದ್ರೂ ತೊಂದರೆ ಆಗಲಿಲ್ಲ ಅಲ್ವಾ ಉಸ್ತಾದ್‌ಗೆ?"

ನಾನು ಯಾರಿಗೂ ಮುಲಾಜು ನೋಡಿದವಳಲ್ಲ. ಅತ್ತೆಗೂ ನೋಡಲಿಲ್ಲ, ಗಂಡನಿಗೂ ನೋಡಲಿಲ್ಲ.

"ಇಲ್ಲಪ್ಪ, ಏನೂ ತೊಂದರೆ ಆಗಲಿಲ್ಲ," ಎಂದೆ. "ಮೇಲೇಳು. ಕೈಕಾಲು ತೊಳ್ಕೊ, ಊಟ ಹಾಕ್ತೀನಿ."