ಬಕೆಟ್ಟಿನಲ್ಲಿ ಬಂದ ನದಿ

ಕಳೆದ ಮಾರ್ಚ್ ತಿಂಗಳ ಎರಡನೇ ಶನಿವಾರ ಬೆಳಗ್ಗೆ, ಪರ್ತ್‌ನ ಕ್ಯಾನಿಂಗ್ ನದಿಗೆ ಇಳಿಯಬೇಕಿದ್ದ ನನ್ನ ತಮ್ಮನ ಮಗಳಿಗೆ ಮನೆಯ ಬಚ್ಚಲಲ್ಲೇ ಸ್ನಾನ ಮಾಡಿಸಲಾಯಿತು.

ನನ್ನ ತಮ್ಮ ಗಣಿಯೊಂದರಲ್ಲಿ ಭೂವಿಜ್ಞಾನಿ. ಅವನ ಹೆಂಡತಿ ಬೋರ್ನಿಯೋ ದ್ವೀಪದ ಇಬಾನ್ ಜನಾಂಗದವಳು. ಅವಳ ತಾಯಿ ಮೊಮ್ಮಗಳನ್ನು ನೋಡಲು ಬಂದಿದ್ದರು. ಅವರಲ್ಲಿ ಮಗುವಿನ ಮೊದಲ ನದಿಸ್ನಾನ ದೊಡ್ಡ ಕಾರ್ಯ. ಮಗುವನ್ನು ಮನೆಯಲ್ಲೇ ನೇಯ್ದ ಬಟ್ಟೆಯಲ್ಲಿ ಸುತ್ತಿ, ಜಾಗಟೆ ಬಾರಿಸುತ್ತ ನದಿಗೆ ಒಯ್ಯುತ್ತಾರೆ. ಕೋಳಿ ಕೊಯ್ದು ಅದರ ರೆಕ್ಕೆಯನ್ನು ಗಂಡುಮಗುವಾದರೆ ಈಟಿಗೆ, ಹೆಣ್ಣಾದರೆ ಮಗ್ಗದ ಕೋಲಿಗೆ ಕಟ್ಟುತ್ತಾರೆ. ಇದು ನಮ್ಮ ಮಗು, ಕಾಪಾಡಿ ಎಂದು ನೀರಿನ ದೇವತೆಗಳಿಗೆ ಒಪ್ಪಿಸುತ್ತಾರೆ. ಒಪ್ಪಿಸದ ಮಗು ನದಿಗೆ ಅಪರಿಚಿತ ಎಂದು ಅಜ್ಜಿ ನಂಬಿದ್ದರು. ಅವರ ವಿಮಾನ ಭಾನುವಾರಕ್ಕಿತ್ತು.

ಆಸ್ಟ್ರೇಲಿಯಾಕ್ಕಾಗಿ ಅವರು ಬಹಳಷ್ಟನ್ನು ಬಿಟ್ಟುಕೊಟ್ಟಿದ್ದರು. ಜಾಗಟೆಯ ಬದಲು ಸ್ಟೀಲ್ ತಟ್ಟೆ ಸಾಕು ಎಂದರು. ಕೋಳಿ ಕೊಯ್ಯುವುದು ಬೇಡ, ಅಂಗಡಿಯ ರೆಕ್ಕೆ ಸಾಕು ಎಂದರು. ಹರಿಯುವ ನೀರನ್ನು ಮಾತ್ರ ಬಿಡಲಿಲ್ಲ.

ಶುಕ್ರವಾರ ಸಂಜೆ ನಮ್ಮ ಕನ್ನಡ ಬಳಗದ ಹಿರಿಯರೊಬ್ಬರು ಬಂದರು. ವೃತ್ತಿಯಲ್ಲಿ ಡಾಕ್ಟರು.

"ರೆಕ್ಕೆ ಕಟ್ಕೊಂಡು ರಿವರ್‌ಗೆ ಹೋಗ್ತೀರಾ? ಏನಪ್ಪಾ ಇದು, ಕಾಡು ಜನರ ಥರ!" ಎಂದು ತಮ್ಮನನ್ನು ಕೇಳಿದರು.

"ಹೋದ ವಾರ ಬಾರ್ಬೆಕ್ಯೂಲಿ ನಾಲ್ಕು ರೆಕ್ಕೆ ತಿಂದ್ರಲ್ಲ ಅಂಕಲ್, ಆಗ ಯಾವ ಕಾಡಲ್ಲಿದ್ರಿ?" ಎಂದೆ.

ಅವರು ನಕ್ಕರು. "ತಮಾಷೆ ಇರ್ಲಿ ಕಣಮ್ಮ. ಆ ನೀರು ಕ್ಲೀನ್ ಇಲ್ಲ. ಇನ್‌ಫೆಕ್ಷನ್ ಆದ್ರೆ ಯಾರು ಜವಾಬ್ದಾರಿ?"

ಹಿಂದಿನ ಸೆಪ್ಟೆಂಬರ್‌ನಲ್ಲಿ ಗಣೇಶನನ್ನು ಬಿಡಲು ಇದೇ ಅಂಕಲ್ ಇದೇ ನದಿಯಲ್ಲಿ ಸೊಂಟದವರೆಗೆ ಇಳಿದಿದ್ದರು. ದಂಡೆಯಲ್ಲಿದ್ದ ಮಕ್ಕಳ ತಲೆಗೆಲ್ಲ ಆ ನೀರು ಚಿಮುಕಿಸಿದ್ದರು. ಆ ಫೋಟೊ ನನ್ನ ಫೋನಿನಲ್ಲೇ ಇತ್ತು. ತೆಗೆದು ತೋರಿಸಿದೆ.

"ಇದು ಯಾರು ಅಂಕಲ್?"

"ಅದು ಬೇರೆ. ಅದು ದೇವರ ಕೆಲಸ."

ಅಜ್ಜಿ ಮಗಳ ಮುಖ ನೋಡಿದರು. ಮಗಳು ಈ ಮಾತನ್ನು ಅನುವಾದಿಸಲಿಲ್ಲ. ಕನ್ನಡ ಅಷ್ಟಾಗಿ ಬಾರದಿದ್ದರೂ ದೇವರು ಎಂಬ ಶಬ್ದ ಅವಳಿಗೆ ಗೊತ್ತಿತ್ತು.

"ರಿವರ್ ವಾಟರ್ ತಾನೇ ಬೇಕು?" ಅಂಕಲ್ ತಮ್ಮನ ಬೆನ್ನು ತಟ್ಟಿದರು. "ಒಂದು ಬಕೆಟ್ ತಂದ್ಬಿಡು. ಬಾಯಿಲ್ ಮಾಡು. ಎಲ್ಲರಿಗೂ ಸಮಾಧಾನ."

ಯಾರಿಗೆ ಸಮಾಧಾನ ಎಂದು ತಮ್ಮ ಕೇಳಬೇಕಿತ್ತು. "ಸರಿ ಅಂಕಲ್" ಎಂದ.

ಬೆಳಗ್ಗೆ ಅವನೇ ಹೋಗಿ ನೀರು ತಂದ, ಕುದಿಸಿದ, ಆರಿಸಿದ. ಅಜ್ಜಿ ಬಚ್ಚಲ ಬಾಗಿಲಲ್ಲಿ ನಿಂತು ಏನೋ ಕೇಳಿದರು. ಮಗಳು ಇಂಗ್ಲಿಷಿನಲ್ಲಿ ಹೇಳಿದಳು: "ಈ ನೀರು ಎಲ್ಲಿಗೆ ಹರಿದುಹೋಗುತ್ತೆ ಅಂತ ಕೇಳ್ತಿದ್ದಾರೆ."

ನೆಲದ ಮೂಲೆಯ ಮೋರಿಯ ಜಾಲರಿಯನ್ನು ತಮ್ಮ ತೋರಿಸಿದ.

ಅಜ್ಜಿ ಒಳಗೆ ಬರಲಿಲ್ಲ. ನೇಯ್ದ ಬಟ್ಟೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟರು. ಭಾನುವಾರ ಹೊರಟುಹೋದರು. ಮಗ್ಗದ ಕೋಲನ್ನು ಮಾತ್ರ ಮಗಳ ಹತ್ತಿರ ಬಿಟ್ಟುಹೋದರು.

ಈ ಸೆಪ್ಟೆಂಬರ್‌ನಲ್ಲಿ ಗಣೇಶನನ್ನು ಅದೇ ದಂಡೆಯಲ್ಲಿ ಬಿಟ್ಟರು. ಅಂಕಲ್ ನೀರಿಗಿಳಿದರು. ತಮ್ಮನ ಹೆಂಡತಿ ಮಗುವನ್ನು ಎತ್ತಿಕೊಂಡು ಕಾರಿನಲ್ಲೇ ಕುಳಿತಿದ್ದಳು. ಮಗು ಇನ್ನೂ ನದಿಗೆ ಇಳಿದಿಲ್ಲ.